ಶ್ರೀಲಂಕಾದ ಅಂತರ್ಯುದ್ಧದ ಚರಿತ್ರೆ ಓದೋಕೆ ಎಲ್ಲಿಂದ ಹಿಡಿಯಬೇಕು?

ಓದುಗಿ_ಕುವೆಂಪುನಗರ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ದಿನದಿಂದ ಶ್ರೀಲಂಕಾದ ಅಂತರ್ಯುದ್ಧದ ಬಗ್ಗೆ ಓದುತ್ತಿದ್ದೇನೆ. ನನ್ನ ಕೆಲಸಕ್ಕೂ ಇದಕ್ಕೂ ಸಂಬಂಧ ಇಲ್ಲ, ಸುಮ್ನೆ ಕುತೂಹಲ. ಚಿಕ್ಕವಳಿದ್ದಾಗ ವಾರ್ತೆಯಲ್ಲಿ ಜಾಫ್ನಾ, ಬಟ್ಟಿಕಲೋವಾ, ಟ್ರಿಂಕೋಮಲಿ ಅಂತ ಕೇಳಿ ಕೇಳಿ ಹೆಸರುಗಳು ಬಾಯಿಪಾಠ ಆಗಿದ್ದವು. ಅಲ್ಲಿ ಯಾರು ಯಾರನ್ನು ಯಾಕೆ ಹೊಡೆಯುತ್ತಿದ್ದಾರೆ ಅನ್ನೋದು ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಈಗ ಓದಲು ಕೂತರೆ ತಲೆ ಕೆಡುತ್ತಿದೆ. ಯಾವ ಪುಸ್ತಕ ತೆಗೆದರೂ 1983ರ ಜುಲೈನಿಂದ ಶುರು ಮಾಡುತ್ತಾರೆ. ಜುಲೈ 23ರ ರಾತ್ರಿ ಜಾಫ್ನಾದಲ್ಲಿ 13 ಸೈನಿಕರನ್ನು ಹೊಂಚು ಹಾಕಿ ಕೊಂದರು, ಅದಕ್ಕೆ ಕೊಲಂಬೋದಲ್ಲಿ ತಮಿಳರ ಮನೆ ಅಂಗಡಿ ಸುಟ್ಟರು, ಗುಂಪುಗಳ ಕೈಯಲ್ಲಿ ವೋಟರ್ ಲಿಸ್ಟ್ ಇತ್ತು, ವೆಲಿಕಡ ಜೈಲಿನೊಳಗೇ 53 ತಮಿಳು ಕೈದಿಗಳನ್ನು ಕೊಂದರು. ಇಷ್ಟು ಓದುವಷ್ಟರಲ್ಲಿ ಲೇಖಕರು ಹಿಂದಕ್ಕೆ ಹೋಗಿ 1956 ಅನ್ನುತ್ತಾರೆ, ಇನ್ನೊಬ್ಬರು 1948 ಅನ್ನುತ್ತಾರೆ, ಮತ್ತೊಬ್ಬರು ಎರಡು ಸಾವಿರ ವರ್ಷದ ಹಿಂದಿನ ರಾಜರ ಯುದ್ಧಕ್ಕೇ ಹೋಗಿಬಿಡುತ್ತಾರೆ. ಮಧ್ಯೆ ಟೆಲೊ, ಪ್ಲಾಟ್, ಇರೋಸ್, ಇಪಿಆರ್‌ಎಲ್‌ಎಫ್ ಅಂತ ತಮಿಳು ಬಂಡುಕೋರ ಗುಂಪುಗಳ ಅರ್ಧ ಪುಟ ಸಂಕ್ಷಿಪ್ತ ಹೆಸರುಗಳು.

ಇನ್ನೊಂದು ತೊಂದರೆ ಅಂದರೆ ಪ್ರತಿ ಪುಸ್ತಕಕ್ಕೂ ಒಂದು ಪಕ್ಷ ಇದೆ. ಒಂದರಲ್ಲಿ ವೀರರು ಅಂದವರು ಇನ್ನೊಂದರಲ್ಲಿ ಕೊಲೆಗಡುಕರು. ಸತ್ತವರ ಲೆಕ್ಕವೂ ಒಂದಕ್ಕೊಂದು ಹೊಂದಲ್ಲ. ಇದನ್ನು ಓದಿದವರು ಯಾರಾದರೂ ಇದ್ದರೆ ಹೇಳಿ, ನೀವು ಯಾವ ದಾರಿ ಹಿಡಿದಿರಿ? ಪುಸ್ತಕದ ಪಟ್ಟಿ ಬೇಡ, ಲೈಬ್ರರಿಯಲ್ಲಿ ಸಿಕ್ಕಿದ್ದನ್ನು ಓದುತ್ತೇನೆ. ಹೇಗೆ ಓದಬೇಕು ಅನ್ನೋದು ಬೇಕು.

ಹಳೇ_ಮೇಷ್ಟ್ರು_ಮಂಡ್ಯ:

ಮೇಡಂ, ರಾಜರ ಕಾಲ ಬಿಡಿ. ಅದು ಆಮೇಲೆ ಭಾಷಣಕ್ಕೆ ಬಳಸಿಕೊಂಡ ಸರಕು. 1948ರಿಂದ ಹಿಡಿಯಿರಿ.

ಫೆಬ್ರವರಿ 4ಕ್ಕೆ ಸ್ವಾತಂತ್ರ್ಯ ಬಂತು. ಅದೇ ವರ್ಷ ಪೌರತ್ವ ಕಾಯ್ದೆ ತಂದರು. ಬ್ರಿಟಿಷರು ಟೀ ತೋಟಕ್ಕೆ ಅಂತ ತಮಿಳುನಾಡಿನಿಂದ ಕರೆದುಕೊಂಡು ಹೋಗಿದ್ದ ಕೂಲಿಗಳ ಮಕ್ಕಳು ಮೊಮ್ಮಕ್ಕಳು, ಸುಮಾರು 7 ಲಕ್ಷ ಜನ, ಒಂದು ಕಾಯ್ದೆಯಿಂದ ಯಾವ ದೇಶಕ್ಕೂ ಸೇರದವರಾದರು. ಇವರು ಜಾಫ್ನಾ ತಮಿಳರಲ್ಲ, ನೆನಪಿಡಿ. ಗುಡ್ಡಗಾಡಿನ ತೋಟದವರು ಬೇರೆ, ಉತ್ತರ ಮತ್ತು ಪೂರ್ವದವರು ಬೇರೆ. ಜಾಫ್ನಾದ ನಾಯಕರೂ ತೋಟದವರ ವಿಷಯದಲ್ಲಿ ಒಂದಾಗಿ ನಿಲ್ಲಲಿಲ್ಲ. ಇದೇ ವಿಷಯಕ್ಕೆ ಅವರ ಪಕ್ಷ ಒಡೆದು ತಮಿಳು ನಾಯಕ ಚೆಲ್ವನಾಯಗಂ 1949ರಲ್ಲಿ ಬೇರೆ ಪಕ್ಷ ಕಟ್ಟಿದರು. 1964ರಲ್ಲಿ ಶಾಸ್ತ್ರೀಜಿ ಮತ್ತು ಅಲ್ಲಿನ ಪ್ರಧಾನಿ ಸಿರಿಮಾವೊ ಕೂತು 5.25 ಲಕ್ಷ ನಮಗೆ, 3 ಲಕ್ಷ ನಿಮಗೆ ಅಂತ ಜನರನ್ನು ಹಂಚಿಕೊಂಡರು. ಹಾಗೆ ಬಂದವರಲ್ಲಿ ಕೆಲವರು ನಮ್ಮ ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟಗಳಲ್ಲಿ ನೆಲೆ ನಿಂತಿದ್ದಾರೆ. ಆ ಕಡೆ ಹೋದಾಗ ಮಾತಾಡಿಸಿ.

ಆಮೇಲೆ 1956. ಸಿಂಹಳ ಒಂದೇ ಆಡಳಿತ ಭಾಷೆ ಅಂತ ಪ್ರಧಾನಿ ಬಂಡಾರನಾಯಕೆ ಕಾಯ್ದೆ ಮಾಡಿದರು. ಎಲ್ಲ ಪುಸ್ತಕದಲ್ಲೂ ಇದು ಇರುತ್ತೆ. ಆದರೆ ಮುಂದಿನ ವರ್ಷ ಏನಾಯಿತು ಅನ್ನೋದನ್ನು ನಿಧಾನವಾಗಿ ಓದಿ, ಇಡೀ ಕಥೆಯ ಬೀಗದ ಕೈ ಅಲ್ಲಿದೆ ಅಂತ ನನ್ನ ಅಭಿಪ್ರಾಯ. 1957ರಲ್ಲಿ ಅದೇ ಬಂಡಾರನಾಯಕೆ ಚೆಲ್ವನಾಯಗಂ ಜೊತೆ ಒಪ್ಪಂದ ಮಾಡಿಕೊಂಡರು. ತಮಿಳಿಗೆ ಜಾಗ, ಪ್ರಾಂತೀಯ ಮಂಡಳಿಗಳಿಗೆ ಒಂದಿಷ್ಟು ಅಧಿಕಾರ. ಆಗ ವಿರೋಧ ಪಕ್ಷದಲ್ಲಿದ್ದ ಜಯವರ್ಧನೆ ಇದನ್ನು ವಿರೋಧಿಸಿ ಕ್ಯಾಂಡಿಗೆ ಪಾದಯಾತ್ರೆ ಹೊರಟರು. ಭಿಕ್ಷುಗಳು ಪ್ರಧಾನಿಯ ಮನೆ ಮುಂದೆ ಕೂತರು. 1958ರಲ್ಲಿ ಒಪ್ಪಂದ ರದ್ದಾಯಿತು, ಗಲಭೆ ಆಯಿತು. 1959ರಲ್ಲಿ ಬಂಡಾರನಾಯಕೆಗೆ ಗುಂಡು ಹೊಡೆದವನೂ ಒಬ್ಬ ಭಿಕ್ಷುವೇ.

ಈಗ 1965 ನೋಡಿ. ಜಯವರ್ಧನೆಯ ಪಕ್ಷ ಅಧಿಕಾರಕ್ಕೆ ಬಂತು. ಪ್ರಧಾನಿಯಾದ ಡಡ್ಲಿ ಸೇನಾನಾಯಕೆ ಅದೇ ಚೆಲ್ವನಾಯಗಂ ಜೊತೆ ಹೆಚ್ಚುಕಡಿಮೆ ಅಂಥದ್ದೇ ಒಪ್ಪಂದ ಮಾಡಿಕೊಂಡರು. ಈ ಸಲ ಬೀದಿಗಿಳಿದವರು ಯಾರು? ಬಂಡಾರನಾಯಕೆಯ ಪಕ್ಷದವರು! ಅಧಿಕಾರದಲ್ಲಿದ್ದವರಿಗೆ ಒಪ್ಪಂದ ಬೇಕು, ಹೊರಗಿದ್ದವರಿಗೆ ಗಲಾಟೆ ಬೇಕು. ಪಾತ್ರ ಅದಲುಬದಲು, ನಾಟಕ ಅದೇ. ಎರಡು ಸಲ ಮಾತು ಕೊಟ್ಟು ಎರಡು ಸಲ ತಪ್ಪಿದ ಮೇಲೆ, ಚೆಲ್ವನಾಯಗಂ ಅವರ ಸತ್ಯಾಗ್ರಹದ ದಾರಿಯನ್ನು ಹುಡುಗರು ಯಾಕೆ ನಂಬುತ್ತಾರೆ ಹೇಳಿ. 1971ರಲ್ಲಿ ವಿಶ್ವವಿದ್ಯಾಲಯ ಪ್ರವೇಶಕ್ಕೆ ತಮಿಳು ಮಾಧ್ಯಮದ ಹುಡುಗರಿಗೆ ಜಾಸ್ತಿ ಮಾರ್ಕ್ಸ್ ಬೇಕು ಅಂತ ನಿಯಮ ಬಂತು. 1976ರಲ್ಲಿ ವಟ್ಟುಕೋಟ್ಟೈ ನಿರ್ಣಯದಲ್ಲಿ ಬೇರೆ ದೇಶದ ಬೇಡಿಕೆ ಬಂತು. 1981ರಲ್ಲಿ ಜಾಫ್ನಾದ ಸಾರ್ವಜನಿಕ ಗ್ರಂಥಾಲಯಕ್ಕೆ ಬೆಂಕಿ ಇಟ್ಟರು, 90 ಸಾವಿರಕ್ಕೂ ಜಾಸ್ತಿ ಪುಸ್ತಕ, ತಾಳೆಗರಿ ಬೂದಿ. ಇಷ್ಟು ತಿಳಿದುಕೊಂಡು 1983ಕ್ಕೆ ಬನ್ನಿ.

ಗುಂಡ_ಶ್ರೀರಂಗಪಟ್ಟಣ:

ಇಷ್ಟೆಲ್ಲ ಸುತ್ತಿ ಬಳಸಿ ಯಾಕೆ ಸಾರ್. ನಮ್ಮ ಪ್ರಧಾನಿಯಾಗಿದ್ದ ರಾಜೀವ್ ಗಾಂಧಿಯನ್ನು ನಮ್ಮ ನೆಲದಲ್ಲೇ ಕೊಂದವರು ಆ ಎಲ್‌ಟಿಟಿಇ ತಮಿಳು ಬಂಡುಕೋರರು. ಅದು ಸಾಕಲ್ವಾ? 1991ರ ಆಗಸ್ಟ್‌ನಲ್ಲಿ ಆ ಕೊಲೆ ಮಾಡಿಸಿದ ಶಿವರಾಸನ್ ಗುಂಪು ಕೋಣನಕುಂಟೆಯಲ್ಲಿ ಸತ್ತಿದ್ದು ಎಲ್ಲರಿಗೂ ಗೊತ್ತು. ಆದರೆ ಅದಕ್ಕೂ ಮುಂಚೆ ನಮ್ಮ ಮಂಡ್ಯ ಜಿಲ್ಲೆಯ ಮುತ್ತತ್ತಿಯಲ್ಲಿ ಅವರ ಕಡೆಯವರು ಅಡಗಿದ್ದರು, ಪೊಲೀಸರು ಬಂದಾಗ ಸೈನೈಡ್ ನುಂಗಿದರು ಅನ್ನೋದು ಈಗಿನ ಹುಡುಗರಿಗೆ ಗೊತ್ತೇ ಇಲ್ಲ. ಮುತ್ತೆತ್ತರಾಯನ ದರ್ಶನಕ್ಕೆ ಹೋಗಿ ಮೀನು ಸಾರು ಉಂಡು ಬರ್ತಾರೆ ಅಷ್ಟೇ.

ನಾಲೆಬಯಲು:

ಗುಂಡಣ್ಣ, ನೀವು ಹೇಳಿದ್ದು ನಿಜ, ಯಾರೂ ಇಲ್ಲ ಅನ್ನಲ್ಲ. ಆದರೆ ಅವರು ಪ್ರಶ್ನೆ ಕೇಳಿದ್ದು ಯುದ್ಧ ಹೇಗೆ ಹುಟ್ಟಿತು ಅಂತ. ಕೊಲೆಗಾರರ ಪರ ವಕಾಲತ್ತು ಯಾರೂ ಮಾಡುತ್ತಿಲ್ಲ.

ಮೇಷ್ಟ್ರು ಭಾಷೆಯ ದಾರಿ ಹೇಳಿದರು. ನಾನು ನೀರಿನ ದಾರಿ ಹೇಳುತ್ತೇನೆ. ವಿ.ಸಿ. ನಾಲೆ ಬಯಲಿನಲ್ಲಿ ಗದ್ದೆ ಮಾಡುವವನು, ನನಗೆ ಕಣ್ಣಿಗೆ ಬಿದ್ದಿದ್ದು ಅದೇ. ಓದುವಾಗ ಪಕ್ಕದಲ್ಲಿ ಒಂದು ಮ್ಯಾಪ್ ಇಟ್ಟುಕೊಳ್ಳಿ, ರಾಜಕೀಯದ್ದಲ್ಲ, ಕೆರೆ ಹೊಳೆ ನಾಲೆ ಇರುವಂಥದ್ದು.

ಸ್ವಾತಂತ್ರ್ಯ ಬಂದ ಕೂಡಲೇ ಅವರು ಪೂರ್ವದ ಕಡೆ ಗಲ್ ಓಯ ಅನ್ನೋ ಹೊಳೆಗೆ ಅಣೆಕಟ್ಟು ಕಟ್ಟಿದರು. ಕಾಡು ಕಡಿದು ನಾಲೆ ತೆಗೆದು ಭೂಮಿ ಇಲ್ಲದವರಿಗೆ ಗದ್ದೆ ಕೊಟ್ಟರು. ಕೇಳೋಕೆ ಎಷ್ಟು ಒಳ್ಳೆಯ ಕೆಲಸ ಅಲ್ವಾ. ಕೆಆರ್‌ಎಸ್ ಕಟ್ಟಿ ನಾಲೆ ಬಂದ ಮೇಲೆ ನಮ್ಮ ಮಂಡ್ಯದ ಕಡೆ ಬದುಕು ಹೇಗೆ ಬದಲಾಯಿತು ಅಂತ ನಮ್ಮ ಅಜ್ಜಂದಿರು ಹೇಳುತ್ತಿದ್ದರಲ್ಲ, ಹಾಗೇ. ಆದರೆ ಗದ್ದೆ ಯಾರಿಗೆ ಸಿಕ್ಕಿತು ನೋಡಿ. ಮೇಲಿನ ಭಾಗದ ಹೊಸ ಕಾಲೊನಿಗಳಿಗೆ ಹೆಚ್ಚಾಗಿ ಹೊರಗಿಂದ ಕರೆತಂದ ಸಿಂಹಳ ರೈತರು. ನಾಲೆ ಕೊನೆ ಭಾಗದಲ್ಲಿ ಮೊದಲಿಂದ ಇದ್ದ ತಮಿಳರು, ಮುಸ್ಲಿಮರು. ಸರ್ಕಾರ ಬಡವರಿಗೆ ಭೂಮಿ ಕೊಟ್ಟೆ ಅಂದಿತು, ತಮಿಳರು ನಮ್ಮ ನಾಡಿನಲ್ಲಿ ನಮ್ಮನ್ನೇ ಅಲ್ಪಸಂಖ್ಯಾತರು ಮಾಡುತ್ತಿದ್ದೀರಿ ಅಂದರು. ಎರಡೂ ಸುಳ್ಳಲ್ಲ, ತೊಂದರೆ ಇರೋದೇ ಅಲ್ಲಿ. 1956ರ ಜೂನ್‌ನಲ್ಲಿ ಭಾಷಾ ಕಾಯ್ದೆಯ ಹೊತ್ತಿಗೆ ಹೆಣ ಬಿದ್ದಿದ್ದು ಕೊಲಂಬೋಗಿಂತ ಗಲ್ ಓಯದಲ್ಲಿ ಜಾಸ್ತಿ. ಮುಂದೆ 1970, 80ರ ದಶಕದಲ್ಲಿ ಮಹಾವೇಲಿ ಯೋಜನೆ ಬಂದಾಗ ಇದೇ ಜಗಳ ದೊಡ್ಡದಾಯಿತು.

ಒಂದು ವಿಷಯ ಮಾತ್ರ ನನಗೆ ಬಹಳ ಹಿಡಿಸಿತು. 1980ರ ದಶಕದ ಶುರುವಿನಲ್ಲಿ ಅದೇ ಗಲ್ ಓಯ ನಾಲೆಯಲ್ಲಿ ರೈತರ ಗುಂಪುಗಳನ್ನು ಕಟ್ಟಿದರು. ಜಲಾಶಯದಲ್ಲಿ ನೀರು ಕಮ್ಮಿ ಇದ್ದ ವರ್ಷ. ಮೇಲಿನ ಭಾಗದ ಸಿಂಹಳ ರೈತರು ತಾವೇ ಹೂಳು ತೆಗೆದು, ಪಾಳಿ ಹಾಕಿಕೊಂಡು, ಉಳಿಸಿದ ನೀರನ್ನು ಕೊನೆ ಭಾಗಕ್ಕೆ ಬಿಟ್ಟರು. ಅಲ್ಲಿದ್ದವರಲ್ಲಿ ತಮಿಳರೂ ಇದ್ದರು. ಜಾಫ್ನಾದಲ್ಲಿ ಲೈಬ್ರರಿ ಸುಟ್ಟ ಕಾಲದ ಮಾತಿದು! ನಮ್ಮಲ್ಲಿ ಒಂದೇ ಊರಿನ ಅಣ್ಣತಮ್ಮಂದಿರು ರಾತ್ರಿ ಗುದ್ದಲಿ ತಗೊಂಡು ತೂಬಿನ ಹತ್ತಿರ ಕಾವಲು ಕೂರುತ್ತಾರೆ, ಅದನ್ನು ಕಂಡವನಿಗೆ ಇದರ ಬೆಲೆ ಗೊತ್ತಾಗುತ್ತೆ. ಯುದ್ಧದ ಪುಸ್ತಕಗಳಲ್ಲಿ ಇದು ಸಿಗಲ್ಲ, ನೀರಾವರಿ ಬಗ್ಗೆ ಬರೆದವರಲ್ಲಿ ಸಿಗುತ್ತೆ.

ಕೊನೆಯ ಸುತ್ತಿನ ಯುದ್ಧವೂ ಶುರುವಾಗಿದ್ದು ಒಂದು ತೂಬಿನಿಂದ. 2002ರಲ್ಲಿ ನಾರ್ವೆಯವರ ಮಧ್ಯಸ್ಥಿಕೆಯಲ್ಲಿ ಕದನವಿರಾಮ ಆಗಿತ್ತು. 2006ರ ಜುಲೈನಲ್ಲಿ ಟ್ರಿಂಕೋಮಲಿ ಜಿಲ್ಲೆಯ ಮಾವಿಲ್ ಆರು ಅನ್ನೋ ಕಡೆ ಎಲ್‌ಟಿಟಿಇಯವರು ಗೇಟು ಇಳಿಸಿಬಿಟ್ಟರು. ತಮ್ಮ ಕಡೆಯ ಹಳ್ಳಿಗಳಿಗೆ ಕುಡಿಯುವ ನೀರಿನ ಯೋಜನೆ ಬರಲಿಲ್ಲ ಅನ್ನೋದು ಅವರು ಕೊಟ್ಟ ಕಾರಣ. ಕೆಳಗೆ ಸುಮಾರು 15 ಸಾವಿರ ಕುಟುಂಬಗಳ ಗದ್ದೆ ಒಣಗತೊಡಗಿತು. ಸೈನ್ಯ ತೂಬು ತೆಗೆಸೋಕೆ ಅಂತ ಹೋಯಿತು, ಮತ್ತೆ ನಿಲ್ಲಲಿಲ್ಲ, 2009ರ ಮೇ ತಿಂಗಳಲ್ಲಿ ನಂದಿಕಡಲ್ ಹಿನ್ನೀರಿನ ದಡದಲ್ಲಿ ಎಲ್‌ಟಿಟಿಇ ನಾಯಕ ಪ್ರಭಾಕರನ್ ಸಾಯುವವರೆಗೆ. ತೂಬು ಮುಚ್ಚದಿದ್ದರೆ ಯುದ್ಧವೇ ಆಗುತ್ತಿರಲಿಲ್ಲ ಅಂತಲ್ಲ, ಇಬ್ಬರೂ ತಯಾರಾಗೇ ಇದ್ದರು. ಆದರೂ ನೀರು ನಿಲ್ಲಿಸಿದ ದಿನ ರೈತನಿಗೆ ಏನಾಗುತ್ತೆ ಅಂತ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಮಾತು. 1991ರ ಡಿಸೆಂಬರ್‌ನಲ್ಲಿ ಕಾವೇರಿ ಹೆಸರಲ್ಲಿ ಬೆಂಗಳೂರು, ಮೈಸೂರು ಕಡೆ ತಮಿಳು ಮಾತಾಡುವವರ ಮನೆಗಳಿಗೆ ಏನಾಯಿತು ಅನ್ನೋದು ನೆನಪಿದ್ದವರು 1983ರ ಕಪ್ಪು ಜುಲೈನ ಅಧ್ಯಾಯ ಓದುವಾಗ ಅಲ್ಲಿಯವರು ಹಾಗೆ, ನಾವು ಹೀಗೆ ಅಂತ ಬೀಗೋಕೆ ಹೋಗಲ್ಲ.

ಗುಂಡ_ಶ್ರೀರಂಗಪಟ್ಟಣ:

ಕಾವೇರಿನ ಯಾಕೆ ಎಳೀತೀರಿ? ಎರಡೂ ಒಂದೇನಾ? ಇಲ್ಲಿ ಸರ್ಕಾರ ವೋಟರ್ ಲಿಸ್ಟ್ ಕೊಟ್ಟು ಕಳಿಸಿತಾ?

ನಾಲೆಬಯಲು:

ಒಂದೇ ಅಂದೆನಾ? ಇಲ್ಲಿ ಕೆಲವು ದಿನಕ್ಕೆ ನಿಂತಿತು, ಆಮೇಲೆ ಅದೇ ತಮಿಳರು ಅದೇ ಬೀದಿಯಲ್ಲಿ ಅಂಗಡಿ ತೆಗೆದರು. ಅಲ್ಲಿ ಲಕ್ಷಾಂತರ ಜನ ದೇಶ ಬಿಟ್ಟರು, 1983 ಆದ ಮೇಲೆ ಹುಡುಗರು ಗುಂಪು ಗುಂಪಾಗಿ ಬಂದೂಕು ಹಿಡಿದರು. ಯಾಕೆ ಇಲ್ಲಿ ನಿಂತಿತು, ಅಲ್ಲಿ ನಿಲ್ಲಲಿಲ್ಲ? ಅದನ್ನು ಹುಡುಕಿಕೊಂಡೇ ನಾನು ಓದೋಕೆ ಶುರು ಮಾಡಿದ್ದು. ವೋಟರ್ ಲಿಸ್ಟ್ ವಿಷಯ ನೀವೇ ಹೇಳಿದಿರಿ, ಉತ್ತರದಲ್ಲಿ ಅರ್ಧ ಅದೇ ಇದೆ.

ಮಂಡಿಮೊಹಲ್ಲಾ_ಓದುಗ:

ಇಲ್ಲಿ ಎಲ್ಲರೂ ಸಿಂಹಳ, ತಮಿಳು ಅಂತ ಇಬ್ಬರ ಬಗ್ಗೆಯೇ ಮಾತಾಡುತ್ತಿದ್ದೀರಿ. ಪುಸ್ತಕಗಳದ್ದೂ ಇದೇ ಕಾಯಿಲೆ. ಮೂರನೆಯವರು ಇದ್ದರು.

1990ರ ಅಕ್ಟೋಬರ್‌ನಲ್ಲಿ ಉತ್ತರ ಪ್ರಾಂತದ ಮುಸ್ಲಿಮರನ್ನೆಲ್ಲ, 70 ಸಾವಿರದ ಮೇಲೆ ಜನ, ಎಲ್‌ಟಿಟಿಇ ಹೊರಗೆ ಹಾಕಿತು. ಜಾಫ್ನಾ ಪಟ್ಟಣದಲ್ಲಿ ಕೊಟ್ಟ ಟೈಮು ಎರಡು ಗಂಟೆ. ಲೌಡ್‌ಸ್ಪೀಕರಲ್ಲಿ ಕೂಗಿ ಮೈದಾನಕ್ಕೆ ಕರೆದರು, ಹೊರಡಿ ಅಂದರು. ದುಡ್ಡು, ಒಡವೆ, ಮನೆಪತ್ರ ಎಲ್ಲ ಅಲ್ಲೇ ಬಿಡಿಸಿಕೊಂಡರು, ಹೆಂಗಸರ ಕಿವಿಯ ಓಲೆ ಸಮೇತ. ಇವರೂ ಮನೆಯಲ್ಲಿ ತಮಿಳೇ ಮಾತಾಡುವವರು! ಅಕ್ಕಪಕ್ಕದ ತಮಿಳರ ಜೊತೆ ತಲೆಮಾರುಗಳಿಂದ ಇದ್ದವರು. ಪುತ್ತಳಂ ಕಡೆ ಗುಡಿಸಲು ಹಾಕಿಕೊಂಡು ಮಕ್ಕಳು ಮೊಮ್ಮಕ್ಕಳಾಗುವವರೆಗೆ ಅಲ್ಲೇ ಉಳಿದರು. ಅದಕ್ಕೂ ಎರಡು ತಿಂಗಳ ಹಿಂದೆ, ಆಗಸ್ಟ್ 3ಕ್ಕೆ, ಕಾತ್ತಾನ್‌ಕುಡಿಯ ಮಸೀದಿಗಳಲ್ಲಿ ನಮಾಜ್ ಮಾಡುತ್ತಿದ್ದವರ ಮೇಲೆ ಗುಂಡು ಹಾರಿಸಿ ನೂರಕ್ಕೂ ಜಾಸ್ತಿ ಜನರನ್ನು ಕೊಂದಿದ್ದರು.

ಮೇಡಂ, ಕೈಗೆ ಸಿಕ್ಕ ಪುಸ್ತಕ ಯಾರ ಪರ ಅಂತ ನೋಡೋಕೆ ನನ್ನದೊಂದು ಉಪಾಯ. ಹಿಂದಿನ ಪುಟದಲ್ಲಿ ವಿಷಯಸೂಚಿ ತೆಗೆದು 1990ರ ಮುಸ್ಲಿಮರ ವಿಷಯ ಎಷ್ಟು ಪುಟ ಇದೆ ನೋಡಿ, ಹಾಗೇ 1983ರ ವೆಲಿಕಡ ಜೈಲು ಎಷ್ಟು ಪುಟ ಇದೆ ನೋಡಿ. ಮೊದಲನೆಯದನ್ನು ಒಂದು ಸಾಲಿನಲ್ಲಿ ಮುಗಿಸಿದವರು ಒಂದು ಕಡೆ, ಎರಡನೆಯದನ್ನು ಒಂದು ಸಾಲಿನಲ್ಲಿ ಮುಗಿಸಿದವರು ಇನ್ನೊಂದು ಕಡೆ. ಹಾಗಂತ ಪುಸ್ತಕ ಬಿಸಾಕಬೇಡಿ. ಯಾವ ಕಡೆ ವಾಲಿದೆ ಅಂತ ಗೊತ್ತಿಟ್ಟುಕೊಂಡು ಓದಿದರೆ ಆಯಿತು.

ಗಂಗೋತ್ರಿ_ಸಂಶೋಧಕಿ:

ಮೇಲಿನವರು ಹೇಳಿದ್ದಕ್ಕೆ ನನ್ನದೂ ಸಹಮತ. ಮಾನಸಗಂಗೋತ್ರಿಯಲ್ಲಿ ಓದುವಾಗ ನಾನು ಈ ವಿಷಯದಲ್ಲಿ ಸ್ವಲ್ಪ ಮುಳುಗಿದ್ದೆ. ಸಂಕ್ಷಿಪ್ತ ಹೆಸರುಗಳಿಗೆ ಜಾಸ್ತಿ ಹೆದರಬೇಡಿ. 1986ರ ಏಪ್ರಿಲ್, ಮೇ ಹೊತ್ತಿಗೆ ಎಲ್‌ಟಿಟಿಇ ಟೆಲೊದವರನ್ನು ಬೀದಿಯಲ್ಲೇ ಕೊಂದು ಮುಗಿಸಿತು, ಆಮೇಲೆ ಇಪಿಆರ್‌ಎಲ್‌ಎಫ್ ಸರದಿ. ಅವರ ನಾಯಕ ಪದ್ಮನಾಭನನ್ನು 1990ರ ಜೂನ್‌ನಲ್ಲಿ ಚೆನ್ನೈನಲ್ಲೇ ಕೊಂದರು. ಸಂಸತ್ತಿನಲ್ಲಿ ತಮಿಳರ ಪರ ವಾದ ಮಾಡುತ್ತಿದ್ದ ಅಮಿರ್ತಲಿಂಗಂ 1989ರಲ್ಲಿ, ಸಂವಿಧಾನ ತಿದ್ದುಪಡಿಯ ಕರಡು ಬರೆಯೋಕೆ ಕೂತ ನೀಲನ್ ತಿರುಚೆಲ್ವಂ 1999ರಲ್ಲಿ. ಇವರೆಲ್ಲ ತಮಿಳರೇ. ಅದಕ್ಕೇ ಹೇಳಿದ್ದು, ಇಬ್ಬರ ಜಗಳ ಅಂತ ಓದಿದರೆ ಈ ಸಾವುಗಳಿಗೆ ಎಲ್ಲೂ ಜಾಗ ಸಿಗಲ್ಲ. ತಮಿಳರ ಒಳಗೊಂದು ಯುದ್ಧ, ಸಿಂಹಳರ ಒಳಗೊಂದು ಯುದ್ಧ ಇತ್ತು.

ಲೆಕ್ಕದ ವಿಷಯ. ಒಂದು ಸಂಖ್ಯೆ ನೋಡಿದಾಗ ಯಾರು ಎಣಿಸಿದರು, ಎಣಿಸುವಾಗ ಎಲ್ಲಿದ್ದರು ಅಂತ ಕೇಳಿ. 2009ರ ಮೊದಲ ತಿಂಗಳುಗಳಲ್ಲಿ ಉತ್ತರದ ವನ್ನಿ ಪ್ರದೇಶದಲ್ಲಿ ಪತ್ರಕರ್ತರನ್ನು ಬಿಡುತ್ತಿರಲಿಲ್ಲ, ವಿಶ್ವಸಂಸ್ಥೆಯ ಹೊರಗಿನ ಸಿಬ್ಬಂದಿ 2008ರ ಸೆಪ್ಟೆಂಬರ್‌ನಲ್ಲೇ ಕಿಳಿನೊಚ್ಚಿ ಬಿಟ್ಟಿದ್ದರು. ಜನ ಮಾತ್ರ ಮಧ್ಯೆ ಸಿಕ್ಕಿಕೊಂಡಿದ್ದರು. ಸರ್ಕಾರ ಸುರಕ್ಷಿತ ವಲಯ ಅಂತ ಘೋಷಿಸಿದ ಜಾಗದ ಮೇಲೇ ಶೆಲ್ ಬಿತ್ತು, ಓಡಿಹೋಗಲು ನೋಡಿದವರಿಗೆ ಎಲ್‌ಟಿಟಿಇ ಗುಂಡು ಹೊಡೆಯಿತು. 2011ರಲ್ಲಿ ವಿಶ್ವಸಂಸ್ಥೆಯ ತಜ್ಞರ ಸಮಿತಿ 40 ಸಾವಿರದವರೆಗೆ ನಾಗರಿಕರು ಸತ್ತಿರಬಹುದು ಅಂದಿತು. ಸರ್ಕಾರ ಒಪ್ಪಲಿಲ್ಲ. 40 ಸಾವಿರವನ್ನು ಕೆಲವರು ಖಚಿತ ಎಣಿಕೆ ಅನ್ನುವಂತೆ ಬರೆಯುತ್ತಾರೆ, ಕೆಲವರು ಪೂರ್ತಿ ಸುಳ್ಳು ಅನ್ನುತ್ತಾರೆ. ಸಮಿತಿ ಹೇಳಿದ್ದು ‘ಸಾಧ್ಯತೆ’ ಅಂತ, ಅದನ್ನು ಹಾಗೇ ಇಟ್ಟುಕೊಳ್ಳಿ.

ಶಾಂತಿ ಕಾಯೋಕೆ ಅಂತ ಅಲ್ಲಿಗೆ ಹೋದ ನಮ್ಮ ಸೈನ್ಯದ (ಐಪಿಕೆಎಫ್) ವಿಷಯ ಬಂದಾಗಲೂ ಇದೇ ನಿಯಮ ಹಾಕಿ, ಕಷ್ಟ ಆಗುತ್ತೆ, ಆದರೂ ಹಾಕಿ. 1987ರ ಅಕ್ಟೋಬರ್‌ನಲ್ಲಿ ದೀಪಾವಳಿಯ ಹೊತ್ತಿಗೆ ಜಾಫ್ನಾ ಆಸ್ಪತ್ರೆಯೊಳಗೆ ವೈದ್ಯರು, ನರ್ಸ್‌ಗಳು, ರೋಗಿಗಳು ಸತ್ತರು. ಗುಂಡಿನ ಚಕಮಕಿಯಲ್ಲಿ ಸಿಕ್ಕಿದರು ಅಂತ ನಮ್ಮವರು, ನುಗ್ಗಿ ಕೊಂದರು ಅಂತ ಬದುಕಿ ಉಳಿದವರು. ಎರಡನ್ನೂ ಓದಿ.

ಜಾಫ್ನಾ ವಿಶ್ವವಿದ್ಯಾಲಯದ ಕೆಲವು ಅಧ್ಯಾಪಕರು 1980ರ ದಶಕದ ಕೊನೆಗೆ ಮಾನವ ಹಕ್ಕುಗಳ ಗುಂಪು ಕಟ್ಟಿ ವರದಿ ಬರೆಯತೊಡಗಿದರು. ಸೈನ್ಯ, ಐಪಿಕೆಎಫ್, ಎಲ್‌ಟಿಟಿಇ, ಯಾರನ್ನೂ ಬಿಡಲಿಲ್ಲ. ಅವರಲ್ಲೊಬ್ಬರು ರಜನಿ ತಿರಣಗಾಮ, ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಹೇಳಿಕೊಡುತ್ತಿದ್ದವರು. 1989ರ ಸೆಪ್ಟೆಂಬರ್‌ನಲ್ಲಿ ಸೈಕಲ್‌ನಲ್ಲಿ ಮನೆಗೆ ಹೋಗುವಾಗ ಗುಂಡು ಹೊಡೆದು ಕೊಂದರು. ಆ ವರದಿಗಳು ಸಿಕ್ಕರೆ ಬಿಡಬೇಡಿ. ಎಲ್ಲರ ಕೈಯಲ್ಲೂ ಬೈಸಿಕೊಂಡವರು ಬರೆದಿದ್ದು, ನನಗಂತೂ ನಂಬಿಕೆ ಜಾಸ್ತಿ.

ಮಿಲಿಟರಿ_ಮನೆಯವ:

ನಮ್ಮ ಚಿಕ್ಕಪ್ಪ ಐಪಿಕೆಎಫ್‌ನಲ್ಲಿ ಹೋಗಿ ಬಂದವರು. ಹೋದ ಹೊಸತರಲ್ಲಿ ಜನ ಹಾರ ಹಾಕಿ ಎಳನೀರು ಕೊಟ್ಟರಂತೆ, ಅಕ್ಟೋಬರ್ ಹೊತ್ತಿಗೆ ಅದೇ ಓಣಿಯಲ್ಲಿ ಕಾಲಿಡೋಕೆ ಮೈನ್ ಭಯ. ನಮ್ಮ ಸೈನ್ಯ ಹೋಗೋಕೆ ಕಾರಣವಾದ ಭಾರತ-ಶ್ರೀಲಂಕಾ ಒಪ್ಪಂದಕ್ಕೆ ಸಹಿ ಬಿದ್ದಿದ್ದು 1987ರ ಜುಲೈ 29. ಮಾರನೇ ದಿನವೇ ಕೊಲಂಬೋದಲ್ಲಿ ಗೌರವ ರಕ್ಷೆ ಪರಿಶೀಲಿಸುವಾಗ ಒಬ್ಬ ಸಿಂಹಳ ನಾವಿಕ ರಾಜೀವ್ ಗಾಂಧಿಗೆ ಬಂದೂಕಿನ ಹಿಡಿಯಿಂದ ಬೀಸಿದ. ತಮಿಳರ ಪರ ಬಂದರು ಅಂತ ಸಿಂಹಳರಿಗೆ ಕೋಪ. ಆಮೇಲೆ ಎಲ್‌ಟಿಟಿಇಗೂ ನಮ್ಮ ಮೇಲೆ ಕೋಪ. ಕೊನೆಗೆ ಪ್ರೇಮದಾಸ ಅಧ್ಯಕ್ಷರಾದ ಮೇಲೆ ನಮ್ಮ ಸೈನ್ಯದ ಜೊತೆ ಹೊಡೆದಾಡಲಿ ಅಂತ ಅವರ ಸರ್ಕಾರವೇ ಎಲ್‌ಟಿಟಿಇಗೆ ಆಯುಧ ಕೊಟ್ಟಿತು! 1993ರ ಮೇ ದಿನದ ಮೆರವಣಿಗೆಯಲ್ಲಿ ಅದೇ ಪ್ರೇಮದಾಸರನ್ನು ಆತ್ಮಾಹುತಿ ಬಾಂಬಿನಿಂದ ಕೊಂದವರು ಎಲ್‌ಟಿಟಿಇ. 1990ರ ಮಾರ್ಚ್‌ನಲ್ಲಿ ನಮ್ಮವರು ವಾಪಸ್ ಬರುವ ಹೊತ್ತಿಗೆ ಸಾವಿರಕ್ಕೂ ಜಾಸ್ತಿ ಸೈನಿಕರು ಸತ್ತಿದ್ದರು. ಕೊಲಂಬೋ ಪಕ್ಕದ ಬತ್ತರಮುಲ್ಲೆಯಲ್ಲಿ ಅವರ ಸ್ಮಾರಕ ಇದೆ.

ನಮ್ಮೂರಿಗೂ ಒಂದು ಕೊಂಡಿ ಇದೆ. 1986ರ ನವೆಂಬರ್‌ನಲ್ಲಿ ಬೆಂಗಳೂರಲ್ಲಿ ಸಾರ್ಕ್ ಶೃಂಗಸಭೆ ನಡೆಯಿತಲ್ಲ, ಆಗಿನ ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಬಂದಿದ್ದರು, ಪ್ರಭಾಕರನ್‌ನನ್ನೂ ಚೆನ್ನೈನಿಂದ ಕರೆಸಿ ಒಪ್ಪಿಸೋಕೆ ನೋಡಿದರು. ಆತ ಜಗ್ಗಲಿಲ್ಲ.

ಓದುಗಿ_ಕುವೆಂಪುನಗರ:

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ಬರುತ್ತೆ ಅಂತ ಅಂದುಕೊಂಡಿರಲಿಲ್ಲ. ಮೇಷ್ಟ್ರು ಹೇಳಿದ 1957 ಮತ್ತು 1965 ಎರಡನ್ನೂ ಅಕ್ಕಪಕ್ಕ ಇಟ್ಟು ಓದುತ್ತೇನೆ. ನಾಲೆಬಯಲು ಅಣ್ಣ, ಗಲ್ ಓಯದ ಮ್ಯಾಪ್ ನೋಡಿದೆ, ಸಮುದ್ರದಂಥ ಕೆರೆ, ಹೆಸರೂ ಸೇನಾನಾಯಕ ಸಮುದ್ರ.

ಗಂಗೋತ್ರಿ ಮೇಡಂ, ಸಿಂಹಳರ ಒಳಗೊಂದು ಯುದ್ಧ ಅಂದಿರಲ್ಲ, ಅದು ಯಾವುದು? ನಾನು ಓದಿದ್ದರಲ್ಲಿ ಜೆವಿಪಿ ಅಂತ ಆಗಾಗ ಬರುತ್ತೆ, ಒಂದು ಪ್ಯಾರಾ ಬಂದು ಹೋಗಿಬಿಡುತ್ತೆ.

ಗಂಗೋತ್ರಿ_ಸಂಶೋಧಕಿ:

ಅದೇ, ಜನತಾ ವಿಮುಕ್ತಿ ಪೆರಮುನ ಅನ್ನೋ ಎಡಪಂಥೀಯ ಪಕ್ಷ. ದಕ್ಷಿಣದ ಹಳ್ಳಿಗಳ ಸಿಂಹಳ ಯುವಕರು, ಓದಿದ್ದರು, ಕೆಲಸ ಇರಲಿಲ್ಲ. 1971ರ ಏಪ್ರಿಲ್‌ನಲ್ಲಿ ಒಂದೇ ರಾತ್ರಿ ದೇಶದ ಪೊಲೀಸ್ ಠಾಣೆಗಳ ಮೇಲೆ ಬಿದ್ದರು, ಸಿರಿಮಾವೊ ಸರ್ಕಾರ ಭಾರತವೂ ಸೇರಿ ಹೊರಗಿನ ದೇಶಗಳ ಸಹಾಯ ತಗೊಂಡು ಮಟ್ಟ ಹಾಕಿತು. ಮತ್ತೆ 1987ರಿಂದ 89ರವರೆಗೆ, ಭಾರತದ ಸೈನ್ಯ ಬಂದಿದ್ದನ್ನೇ ನೆಪ ಮಾಡಿಕೊಂಡು ಎದ್ದರು. ಅವರೂ ಕೊಂದರು, ಸರ್ಕಾರ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಕೊಂದಿತು, ಹೆಣಗಳು ಹೊಳೆಯಲ್ಲಿ ತೇಲುತ್ತಿದ್ದವು, ರಸ್ತೆ ಬದಿ ಟೈರ್ ಹಾಕಿ ಸುಟ್ಟರು. 1989ರ ನವೆಂಬರ್‌ನಲ್ಲಿ ನಾಯಕ ವಿಜೆವೀರನನ್ನು ಹಿಡಿದು ಕೊಂದರು. ಸತ್ತವರೂ ಸಿಂಹಳರು, ಕೊಂದವರೂ ಸಿಂಹಳರು. ಅದಕ್ಕೇ ‘ಜನಾಂಗದ ಯುದ್ಧ’ ಅಂತ ಹೆಸರಿಟ್ಟ ಪುಸ್ತಕಗಳಲ್ಲಿ ಇದಕ್ಕೆ ಒಂದು ಪ್ಯಾರಾ ಅಷ್ಟೇ.

ಗುಂಡ_ಶ್ರೀರಂಗಪಟ್ಟಣ:

ತಡೀರಿ, ಈಗ ಅಲ್ಲಿ ಅಧ್ಯಕ್ಷರಾಗಿದ್ದಾರಲ್ಲ ದಿಸಾನಾಯಕೆ, ಅವರದ್ದೂ ಜೆವಿಪಿ ಅಲ್ವಾ? ಅದೇ ಪಕ್ಷನಾ ಇದು?

ಗಂಗೋತ್ರಿ_ಸಂಶೋಧಕಿ:

ಅದೇ ಪಕ್ಷ. 2024ರ ಸೆಪ್ಟೆಂಬರ್‌ನಲ್ಲಿ ಗೆದ್ದರು. ನವೆಂಬರ್‌ನ ಸಂಸತ್ ಚುನಾವಣೆಯಲ್ಲಿ ಅವರ ಒಕ್ಕೂಟಕ್ಕೆ ಜಾಫ್ನಾ ಜಿಲ್ಲೆಯಲ್ಲೂ ಎಲ್ಲರಿಗಿಂತ ಜಾಸ್ತಿ ಸೀಟು ಬಂತು. 1987ರ ಒಪ್ಪಂದದ ಮೇಲೆ ಪ್ರಾಂತೀಯ ಮಂಡಳಿಗಳನ್ನು ತಂದ ಸಂವಿಧಾನದ 13ನೇ ತಿದ್ದುಪಡಿಯನ್ನು ಆಗ ಬೀದಿಗಿಳಿದು ವಿರೋಧಿಸಿದ್ದವರೂ ಇವರೇ, ಈಗ ಪ್ರಾಂತೀಯ ಮಂಡಳಿಗಳಿಗೆ ಏನು ಮಾಡುತ್ತಾರೆ ಅಂತ ಅಲ್ಲಿಯ ತಮಿಳು ಪಕ್ಷಗಳು ಕೇಳುತ್ತಿವೆ.

ಹಳೇ_ಮೇಷ್ಟ್ರು_ಮಂಡ್ಯ:

ಬೀದಿಯಲ್ಲಿದ್ದವರು ಈಗ ಕುರ್ಚಿಯಲ್ಲಿದ್ದಾರೆ. ಹಾಗಾದರೆ ಬೀದಿಗೆ ಈ ಸಲ ಯಾರು ಬರುತ್ತಾರೆ ಅಂತ ನೋಡಬೇಕು. ಗುಂಡಪ್ಪ, ಇಷ್ಟು ಕೇಳಿದ ಮೇಲೆ ನೀನೂ ಒಂದು ಪುಸ್ತಕ ತಗೋ ಮಾರಾಯ.